ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಪ್ರೊಟೀನ್: ಎಷ್ಟು, ಯಾವಾಗ, ಹೇಗೆ

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರ ಊಟದ ಲೆಕ್ಕ ನೋಡುವುದು ನನ್ನ ಕೆಲಸ. ಬಂದು ಕೂತವರು ಮೊದಲು ಹೇಳುವುದು ತೂಕದ ಸಂಗತಿ. "ಮೂರು ಕಿಲೋ ಇಳಿದುಬಿಟ್ಟಿದೆ" ಅಂತಲೋ, "ಏನಿಲ್ಲ, ತೂಕ ಹಾಗೇ ಇದೆ" ಅಂತಲೋ. ಬರೆದುಕೊಳ್ಳುತ್ತೇನೆ. ಆದರೆ ಆ ಒಂದೇ ಅಂಕಿಯನ್ನು ನಾನು ಜಾಸ್ತಿ ನಂಬುವುದಿಲ್ಲ. ಕಾಲಿನಲ್ಲೋ ಹೊಟ್ಟೆಯಲ್ಲೋ ನೀರು ತುಂಬಿದ್ದರೆ ತೂಕ ಇಳಿದದ್ದೇ ಗೊತ್ತಾಗುವುದಿಲ್ಲ. ಮೈ ದಪ್ಪ ಇರುವವರಲ್ಲಿ ಒಳಗೆ ಸ್ನಾಯು ಕರಗುತ್ತಿದ್ದರೂ ಹೊರಗೆ ಕಾಣುವುದಿಲ್ಲ.

ಅದಕ್ಕೇ ನಾನು ಕುರ್ಚಿಯಿಂದ ಎದ್ದು ತೋರಿಸಿ ಅನ್ನುತ್ತೇನೆ. ಇದನ್ನು ಮನೆಯಲ್ಲೇ ಮಾಡಬಹುದು. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲಿಯೂ ಊರದೆ, ಐದು ಸಲ ಎದ್ದು ಕೂರಬೇಕು. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆಯಾಗಿದೆ ಅಂತ ಅರ್ಥ. ಎರಡು ವಾರಕ್ಕೊಮ್ಮೆ ಮಾಡಿ, ತೂಕದ ಪಕ್ಕದಲ್ಲೇ ಬರೆದಿಡಿ. ಡಾಕ್ಟರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಚೀಟಿ ಇಲ್ಲ.

ಈ ಬಲ ಯಾಕೆ ಹೋಗುತ್ತದೆ? ಊಟ ಕಡಿಮೆಯಾಗುವುದು ಒಂದು ಕಾರಣ, ಆದರೆ ಅದೊಂದೇ ಅಲ್ಲ. ರೋಗದಿಂದ ಮೈಯಲ್ಲಿ ಉರಿಯೂತ ಇರುತ್ತದೆ. ಅದು ಸ್ನಾಯುವನ್ನು ಒಡೆಯುತ್ತಲೇ ಇರುತ್ತದೆ. ತಿಂದ ಪ್ರೊಟೀನಿನಿಂದ ಹೊಸ ಸ್ನಾಯು ಕಟ್ಟುವ ಕೆಲಸವೂ ನಿಧಾನವಾಗುತ್ತದೆ. ಜೊತೆಗೆ ಸುಸ್ತು, ಹಾಸಿಗೆ ಹಿಡಿದು ಮಲಗುವುದು. ಡೆಕ್ಸಾಮೆಥಾಸೋನ್‌ನಂತಹ ಸ್ಟೆರಾಯ್ಡ್ ಬಹಳ ದಿನ ತೆಗೆದುಕೊಂಡರೆ ತೊಡೆಯ ಸ್ನಾಯುವಿಗೇ ಪೆಟ್ಟು ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಮೊದಲು ಗೊತ್ತಾಗುವುದು ಅದೇ.

ಈಗ ಲೆಕ್ಕ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ, ಮೈತೂಕದ ಪ್ರತಿ ಕಿಲೋಗೆ 0.8 ಗ್ರಾಂ ಪ್ರೊಟೀನ್ ಸಾಕು ಅನ್ನುತ್ತಾರೆ. ಕ್ಯಾನ್ಸರ್ ಇರುವವರಿಗೆ ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ ಹೇಳುವುದು, 1 ಗ್ರಾಂಗಿಂತ ಜಾಸ್ತಿ, ಸಾಧ್ಯವಾದರೆ 1.5 ಗ್ರಾಂವರೆಗೆ. ಅಂದರೆ 60 ಕಿಲೋ ತೂಗುವವರಿಗೆ ದಿನಕ್ಕೆ 60ರಿಂದ 90 ಗ್ರಾಂ. ಮೈಯಲ್ಲಿ ನೀರು ತುಂಬಿದ್ದರೆ ಅದಕ್ಕೂ ಮುಂಚಿನ ತೂಕ ಹಿಡಿದು ಲೆಕ್ಕ ಹಾಕಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ಬಿಟ್ಟು ನಿಮ್ಮ ಡಾಕ್ಟರನ್ನೇ ಕೇಳಿ. ಅಲ್ಲಿ ಮಿತಿ ಬೇರೆ.

60 ಗ್ರಾಂ ಅಂದರೆ 60 ಗ್ರಾಂ ಮೊಟ್ಟೆಯಲ್ಲ, ಗೊಂದಲ ಬೇಡ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಪ್ರೊಟೀನ್. ಒಂದು ಲೋಟ ಹಾಲಿನಲ್ಲಿ, ಅಂದರೆ 200 ಮಿಲಿಲೀಟರಿನಲ್ಲಿ, 6ರಿಂದ 7. ಅಷ್ಟೇ ಮೊಸರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಗಟ್ಟಿಯಾಗಿ ಬೇಯಿಸಿದ ಬೇಳೆ 100 ಗ್ರಾಂ ತಿಂದರೆ 8 ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಬೇಯಿಸಿದ ಮೀನು 100 ಗ್ರಾಂಗೆ 20, ಕೋಳಿಗೆ 25ಕ್ಕೂ ಮೇಲೆ. ಮೊಟ್ಟೆ, ಮಾಂಸ ತಿನ್ನದವರಿಗೆ ಸೋಯಾ ತುಂಬಾ ಅನುಕೂಲ: ಒಣಗಿದ ಸೋಯಾ ಚಂಕ್ಸ್ 25 ಗ್ರಾಂ ನೆನೆಸಿದರೆ 12 ಗ್ರಾಂ ಪ್ರೊಟೀನ್ ಸಿಗುತ್ತದೆ.

ಸೂಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ರೋಗಿಗೆ ಶಕ್ತಿ ಬರಲಿ ಅಂತ ಮನೆಯವರು ದೊಡ್ಡ ಪಾತ್ರೆಯಲ್ಲಿ ಸೂಪು ಕಾಯಿಸುತ್ತಾರೆ. ಬೇಳೆಯದ್ದೋ ಕೋಳಿಯದ್ದೋ ತಿಳಿನೀರನ್ನು ರೋಗಿಗೆ ಕೊಟ್ಟು, ಗಟ್ಟಿ ಭಾಗವನ್ನು ಉಳಿದವರು ತಿನ್ನುತ್ತಾರೆ! ಪ್ರೊಟೀನ್ ಇರುವುದು ಆ ಗಟ್ಟಿ ಭಾಗದಲ್ಲಿ. ನುಂಗಲು ಕಷ್ಟವಾದರೆ ಅದನ್ನೇ ನುಣ್ಣಗೆ ರುಬ್ಬಿ ಸೂಪಿಗೆ ಸೇರಿಸಿ. ತಿಳಿನೀರು ಹೊಟ್ಟೆ ತುಂಬಿಸುತ್ತದೆ, ಅಷ್ಟೇ.

ಪ್ರೊಟೀನ್ ಒಂದನ್ನೇ ಹಿಡಿದುಕೊಂಡು ಉಳಿದ ಊಟ ಬಿಟ್ಟರೂ ಪ್ರಯೋಜನ ಇಲ್ಲ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರಿಂದ 30 ಕ್ಯಾಲೊರಿ ಬೇಕು. ಅಷ್ಟು ಸಿಗದಿದ್ದರೆ ಮೈ ಪ್ರೊಟೀನನ್ನೇ ಉರಿಸಿಕೊಳ್ಳುತ್ತದೆ. ಸೌದೆ ಇಲ್ಲವೆಂದು ಮನೆಯ ತೊಲೆ ಕಡಿದು ಒಲೆಗೆ ಹಾಕಿದ ಹಾಗೆ. ಆದ್ದರಿಂದ ಎಣ್ಣೆ, ತುಪ್ಪ, ಬೆಣ್ಣೆ, ಧಾನ್ಯ ಇವಕ್ಕೆಲ್ಲ ಈ ದಿನಗಳಲ್ಲಿ ಹೆದರಬೇಡಿ. ಶುಗರ್ ಕಾಯಿಲೆ ಇದ್ದವರ ಮಾತು ಬೇರೆ.

ಯಾವಾಗ ತಿನ್ನಬೇಕು ಅನ್ನುವುದೂ ಮುಖ್ಯ. ಬಹಳ ಮನೆಗಳಲ್ಲಿ ಬೆಳಿಗ್ಗೆ ಏನೋ ಹಗುರವಾಗಿ ತಿಂದು, ಪ್ರೊಟೀನ್ ಇರುವುದನ್ನೆಲ್ಲ ರಾತ್ರಿಗೆ ಇಡುತ್ತಾರೆ. ರಾತ್ರಿ ಹೊತ್ತಿಗೆ ರೋಗಿ ಸುಸ್ತಾಗಿ ಎರಡು ತುತ್ತಿಗೆ ಕೈ ತೊಳೆಯುತ್ತಾರೆ. ಅನೇಕರಿಗೆ ಬೆಳಿಗ್ಗೆಯೇ ಹಸಿವು ಚೆನ್ನಾಗಿರುತ್ತದೆ, ಅದನ್ನು ಸುಮ್ನೆ ಕಳೆಯಬೇಡಿ. ಎರಡು ಮೊಟ್ಟೆ, ಒಂದು ಲೋಟ ಹಾಲು ಬೆಳಿಗ್ಗೆಯೇ ಒಳಗೆ ಹೋದರೆ 18 ಗ್ರಾಂ ಆಯಿತು. ಆಮೇಲೆ ಒಂದು ಬಟ್ಟಲು ಮೊಸರು, ಮಧ್ಯಾಹ್ನ ಗಟ್ಟಿ ಬೇಳೆ ಒಂದು ದೊಡ್ಡ ಬಟ್ಟಲು, ಸಂಜೆ ಕಡಲೆಕಾಯಿ ಬೀಜ, ರಾತ್ರಿ ಒಂದು ತುಂಡು ಮೀನೋ ಸೋಯಾನೋ. 60 ದಾಟಿತು ಅಲ್ವಾ? ತಟ್ಟೆಯಲ್ಲಿ ಎಲ್ಲ ಇದ್ದಾಗ ಮೊದಲ ತುತ್ತು ಪ್ರೊಟೀನಿನದ್ದಾಗಿರಲಿ. ನೀರನ್ನು ಊಟದ ನಡುವೆ ಕುಡಿದು ಹೊಟ್ಟೆ ತುಂಬಿಸಿಕೊಳ್ಳಬೇಡಿ, ಉಳಿದ ಹೊತ್ತಿನಲ್ಲಿ ಕುಡಿಯಿರಿ.

ಇದೆಲ್ಲ ಬಾಯಿಗೆ ರುಚಿ ಇದ್ದಾಗಿನ ಮಾತು. ಕೀಮೋ ಶುರುವಾದ ಮೇಲೆ ಬಹಳ ಜನಕ್ಕೆ ಮಾಂಸ ಕಹಿಯಾಗುತ್ತದೆ, ಬಾಯೆಲ್ಲ ಲೋಹದ ರುಚಿ. ನಾನು ನೋಡಿದ ಒಬ್ಬ ಹಿರಿಯರಿಗೆ ಸ್ಟೀಲ್ ಚಮಚ ಕಂಡರೇ ಆಗುತ್ತಿರಲಿಲ್ಲ. ಮರದ ಚಮಚ ಕೊಟ್ಟು, ಊಟ ಆರಿಸಿ ಕೊಟ್ಟ ಮೇಲೆ ತಿನ್ನಲು ಶುರುಮಾಡಿದರು. ಬಿಸಿ ಊಟದ ವಾಸನೆಯೇ ಹೊಟ್ಟೆ ತೊಳಸುತ್ತದೆ. ತಣ್ಣಗಿದ್ದರೆ ವಾಸನೆ ಕಡಿಮೆ. ನಿಂಬೆಹಣ್ಣಿನ ಹುಳಿ ಕೆಲವರಿಗೆ ರುಚಿ ತರುತ್ತದೆ, ಆದರೆ ಬಾಯಿ ಹುಣ್ಣಾಗಿದ್ದರೆ ಹುಳಿ, ಖಾರ ಎರಡೂ ಬೇಡ. ಆಗ ಮೊಸರು, ಮೆತ್ತಗಿನ ಮೊಟ್ಟೆ, ಹಾಲಿನ ಪುಡಿ ಕಲಸಿದ ಹಾಲು. ಎರಡು ದೊಡ್ಡ ಚಮಚ ಹಾಲಿನ ಪುಡಿ ಕಲಸಿದರೆ ಲೋಟದ ಗಾತ್ರ ಬೆಳೆಯದೆ 4–5 ಗ್ರಾಂ ಪ್ರೊಟೀನ್ ಸೇರುತ್ತದೆ. ಕೀಮೋ ದಿನ ಮಾತ್ರ ಅವರಿಗೆ ತುಂಬಾ ಇಷ್ಟದ ತಿಂಡಿ ಕೊಡಬೇಡಿ. ವಾಂತಿಯ ಜೊತೆ ಆ ರುಚಿ ಸೇರಿಕೊಂಡರೆ ಆಮೇಲೆ ಅದನ್ನು ಮುಟ್ಟುವುದೇ ಇಲ್ಲ. ಬಿಳಿ ರಕ್ತಕಣ ಕಡಿಮೆ ಇದ್ದಾಗ ಮೊಟ್ಟೆ, ಮಾಂಸ ಪೂರ್ತಿ ಬೆಂದಿರಬೇಕು, ಹಾಲು ಕಾಯಿಸಿರಬೇಕು.

ಪ್ರೊಟೀನ್ ಪುಡಿ ಬೇಕೇ ಅಂತ ಎಲ್ಲರೂ ಕೇಳುತ್ತಾರೆ. ಊಟದಲ್ಲೇ ಲೆಕ್ಕ ಮುಟ್ಟಿದರೆ ಬೇಡ. ಮುಟ್ಟದಿದ್ದರೆ ಒಳ್ಳೆಯದೇ, ಅದರಲ್ಲಿ ನಾಚಿಕೆ ಏನಿಲ್ಲ. ಡಬ್ಬಿಯ ಹಿಂದೆ 100 ಗ್ರಾಂಗೆ ಎಷ್ಟು ಪ್ರೊಟೀನ್ ಅಂತ ಓದಿ, ಮುಂದಿನ ಚಿತ್ರ ನೋಡಬೇಡಿ. ಗಿಡಮೂಲಿಕೆ ಬೆರೆಸಿದ್ದು ಬೇಡ, ಕೆಲವು ಔಷಧಿಯ ಜೊತೆ ಹೊಂದುವುದಿಲ್ಲ.

"ಪ್ರೊಟೀನ್ ತಿಂದರೆ ಗೆಡ್ಡೆಯೂ ಬೆಳೆಯುತ್ತದೆ" ಅನ್ನುವ ಭಯ ಇನ್ನೂ ಇದೆ. ಈ ಭಯಕ್ಕೆ ಊಟ ಕಡಿಮೆ ಮಾಡಬೇಡಿ. ನೀವು ಉಪವಾಸ ಇದ್ದರೆ ಗೆಡ್ಡೆ ಉಪವಾಸ ಇರುವುದಿಲ್ಲ, ಅದು ನಿಮ್ಮ ಸ್ನಾಯುವಿನಿಂದಲೇ ತೆಗೆದುಕೊಳ್ಳುತ್ತದೆ.

ತಿಂದದ್ದು ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಕೊಡಬೇಕು. ಮೇಲೆ ಹೇಳಿದ ಕುರ್ಚಿಯೇ ಸಾಕು: ಎದ್ದು ಕೂರುವುದನ್ನು 8ರಿಂದ 15 ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸುತ್ತು, ವಾರಕ್ಕೆ ಎರಡು ದಿನ. ಆಗದಿದ್ದರೆ ಮೂರು ಸಲದಿಂದ ಶುರುಮಾಡಿ. ಕೈಗೆ ನೀರು ತುಂಬಿದ ಬಾಟಲಿ ಹಿಡಿದು ಮೇಲೆತ್ತಿ. ಉಳಿದ ದಿನ ನಡೆಯಿರಿ, ಮನೆಯೊಳಗಾದರೂ ಸರಿ. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ಜ್ವರ ಇದ್ದರೆ ಡಾಕ್ಟರನ್ನು ಕೇಳದೆ ಭಾರ ಎತ್ತಬೇಡಿ.

ಮನೆಯವರಿಗೆ: ತಟ್ಟೆ ಹಿಡಿದು ಬೆನ್ನು ಹತ್ತಬೇಡಿ. "ಇನ್ನೊಂದು ತುತ್ತು" ಅಂತ ದಿನವಿಡೀ ಹೇಳಿದರೆ ಊಟದ ಹೊತ್ತು ಅಂದರೇ ಅವರಿಗೆ ಸಂಕಟ. ಚಿಕ್ಕ ಬಟ್ಟಲಲ್ಲಿ ಇಟ್ಟು, ನೀವೂ ಜೊತೆಗೆ ಕೂತು ತಿನ್ನಿ. ರೋಗ ಕೊನೆಯ ಹಂತಕ್ಕೆ ಬಂದಾಗ ಗ್ರಾಂ ಲೆಕ್ಕವನ್ನೇ ಬಿಟ್ಟುಬಿಡಿ. ಆಗ ಅವರು ಕೇಳಿದ್ದೇ ಊಟ.

ಅದಕ್ಕೆ ಮುಂಚೆ, ಆರು ತಿಂಗಳಲ್ಲಿ ತೂಕ ನೂರಕ್ಕೆ ಐದಕ್ಕಿಂತ ಹೆಚ್ಚು ಇಳಿದಿದ್ದರೆ ಕಾಯಬೇಡಿ. 60 ಕಿಲೋದಲ್ಲಿ ಅದು 3 ಕಿಲೋ. ನುಂಗುವಾಗ ಕೆಮ್ಮು ಬಂದರೂ ಅಷ್ಟೇ, ಡಾಕ್ಟರಿಗೆ ತಿಳಿಸಿ. ಐದು ದಿನಕ್ಕಿಂತ ಜಾಸ್ತಿ ಏನೂ ತಿನ್ನದೆ ಇದ್ದವರಿಗೆ ಹಸಿವು ಬಂತು ಅಂತ ಒಮ್ಮೆಗೇ ಹೊಟ್ಟೆ ತುಂಬಾ ಬಡಿಸುವುದು ಅಪಾಯ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಇಳಿಯಬಹುದು. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟರಿಂದಲೇ ಶುರುಮಾಡಿ.