ಎಫ್ 2 ಒತ್ತಿದರೆ ಹೋಗುತ್ತಿದ್ದ ಮೆಸೇಜು

ಸಿಂಧನೂರಿನಲ್ಲಿ ನಮ್ಮ ಕಾಕಾನದು ಸಣ್ಣ ಜೆರಾಕ್ಸ್-ಡಿಟಿಪಿ ಅಂಗಡಿ. ಅಲ್ಲೊಂದು ಹಳೆ ಡೆಸ್ಕ್‌ಟಾಪ್ ಇದೆ. ಕೋರ್ 2 ಡ್ಯುಯೋ ಪ್ರೊಸೆಸರ್, 320 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಹೋದ ಬೇಸಿಗೆಯಲ್ಲಿ ಅದು ಕೈಕೊಟ್ಟಿತು. ಆನ್ ಮಾಡಿದರೆ ವಿಂಡೋಸ್ ಲೋಗೋ ಬರೋದು, ತಕ್ಷಣ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗೋದು. ರಿಪೇರಿಯವರೊಬ್ಬರು ಒಮ್ಮೆ ಏನೋ ಮಾಡಿ ಸರಿಮಾಡಿದರು, ಆ ದಿನ ನಡೆಯಿತು, ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಎರಡನೇ ಸಲ ಬಂದವರು ಹಾರ್ಡ್ ಡಿಸ್ಕ್ ಹೋಗಿದೆ, ಹೊಸದೇ ತಗೊಳ್ಳಿ ಅಂದುಬಿಟ್ಟರು.

ನನಗೆ ಫೋನ್ ಬಂತು. ಹೇಗೂ ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಅಪ್‌ಡೇಟ್ ನಿಂತಿದೆ, ಅದರ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಬಿಡೋಣ, ಡಿಸ್ಕ್ ನಿಜವಾಗಿ ಹೋಗಿದ್ದರೆ ಇರುವಷ್ಟು ಫೈಲಾದರೂ ತೆಗೆಯಬಹುದು ಅಂತ ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವಿಗೆ ಬರೆದುಕೊಂಡು ಹೋದೆ.

ಮೊದಲ ಪೆಟ್ಟು ಪೆನ್‌ಡ್ರೈವಿನದೇ. ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಮ್ ನನ್ನ ಲ್ಯಾಪ್‌ಟಾಪಿನಲ್ಲಿ ಯುಇಎಫ್‌ಐ ಅನ್ನೋ ಹೊಸ ಬಗೆಯದು, ಹಾಗಾಗಿ ಅಭ್ಯಾಸಬಲದಿಂದ ಪೆನ್‌ಡ್ರೈವ್ ಬರೆಯುವ ರೂಫಸ್‌ನಲ್ಲಿ ಡಿಸ್ಕ್ ವಿಂಗಡಣೆಯ ಹೊಸ ಪದ್ಧತಿಯಾದ ಜಿಪಿಟಿ ಆರಿಸಿ ಬರೆದಿದ್ದೆ. ಈ ಯಂತ್ರದಲ್ಲಿರುವುದು ಹಳೇ ಬಯಾಸ್. ಅದಕ್ಕೆ ಫೈಲು, ಫೋಲ್ಡರು ಏನೂ ಗೊತ್ತಿಲ್ಲ. ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ, ಕೊನೆಯಲ್ಲಿ ಬೂಟ್ ಗುರುತಿನ ಎರಡು ಬೈಟ್ ಇದ್ದರೆ ಅಲ್ಲಿನ ಕೋಡ್ ಓಡಿಸುತ್ತದೆ, ಅಷ್ಟೇ. ಅದಕ್ಕೆ ಹೊಂದುವ ಹಳೇ ಪದ್ಧತಿಯಾದ ಎಂಬಿಆರ್ ಆರಿಸಿ ಮತ್ತೆ ಬರೆದೆ.

ಆದರೂ ಬೂಟ್ ಆಗಲಿಲ್ಲ! ಡಿಲೀಟ್ ಒತ್ತಿ ಬಯಾಸ್ ಒಳಗೆ ಹೋಗಿ ಬೂಟ್ ಆರ್ಡರಿನಲ್ಲಿ 'ರಿಮೂವಬಲ್ ಡಿವೈಸ್' ಮೊದಲಿಗೆ ತಂದಿದ್ದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಈ ಬಯಾಸಿಗೆ ರಿಮೂವಬಲ್ ಅಂದರೆ ಫ್ಲಾಪಿ. ಪೆನ್‌ಡ್ರೈವನ್ನು ಅದು ಇನ್ನೊಂದು ಹಾರ್ಡ್ ಡಿಸ್ಕ್ ಅಂತಲೇ ನೋಡುತ್ತದೆ. 'ಹಾರ್ಡ್ ಡಿಸ್ಕ್ ಡ್ರೈವ್ಸ್' ಅನ್ನೋ ಬೇರೆ ಮೆನು ಇರುತ್ತದಲ್ಲ, ಅದರೊಳಗೆ ಪೆನ್‌ಡ್ರೈವನ್ನು ಒಂದನೇ ಸ್ಥಾನಕ್ಕೆ ತರಬೇಕು. ಅದೂ ಪೆನ್‌ಡ್ರೈವ್ ಚುಚ್ಚಿದ ಮೇಲೆಯೇ ಕಂಪ್ಯೂಟರ್ ಆನ್ ಮಾಡಿರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರೇ ಬರಲ್ಲ. ಎಫ್ 10 ಒತ್ತಿ ಸೇವ್ ಮಾಡಿದೆ, ಮಿಂಟ್ ಬಂತು. ಹೋಗಿದೆ ಅಂದಿದ್ದ ಹಾರ್ಡ್ ಡಿಸ್ಕ್ ಅಲ್ಲಿ ಆರಾಮಾಗಿ ತೆರೆದುಕೊಂಡಿತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿದರೆ ಒಂದೂ ಕೆಟ್ಟ ಸೆಕ್ಟರ್ ಇಲ್ಲ.

ಹಾಗಾದರೆ ನೀಲಿ ಪರದೆ ಯಾಕೆ?

ಕಾಕಾನ ಫೈಲುಗಳನ್ನು ಕಾಪಿ ಮಾಡಿ, ಎಲ್ಲ ಆಫ್ ಮಾಡಿ ಊಟಕ್ಕೆ ಹೋದೆವು. ಕಾಕಾಗೆ ಶಾರ್ಟ್ ಸರ್ಕ್ಯೂಟ್ ಭಯ ಜಾಸ್ತಿ, ಹೊರಗೆ ಹೊರಟರೆ ಮೇನ್ ಸ್ವಿಚ್ಚೇ ಇಳಿಸುತ್ತಾರೆ. ಅವರು ಇಳಿಸದಿದ್ದರೂ ಕರೆಂಟ್ ಹೋಗಿಯೇ ಹೋಗುತ್ತದೆ, ಶಕ್ತಿನಗರದ ಥರ್ಮಲ್ ಸ್ಟೇಷನ್ ನಮ್ಮ ಜಿಲ್ಲೆಯಲ್ಲೇ ಇದ್ದು ನಮಗೇನು ಬಂತು. ವಾಪಸ್ ಬಂದು ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಇಂಗ್ಲಿಷಿನಲ್ಲಿ ಸೀಮಾಸ್ (ಬಯಾಸ್ ಸೆಟ್ಟಿಂಗ್ ಉಳಿಸಿಡುವ ಮೆಮೊರಿ) ಚೆಕ್‌ಸಮ್ ತಪ್ಪಿದೆ, ಎಫ್ 1 ಒತ್ತಿದರೆ ಸೆಟಪ್, ಎಫ್ 2 ಒತ್ತಿದರೆ ಡೀಫಾಲ್ಟ್ ಹಾಕಿ ಮುಂದೆ ಹೋಗುತ್ತೇನೆ ಅಂತ ಬಂತು. ನಾನು ಓದಿ ಮುಗಿಸುವ ಮೊದಲೇ ಕಾಕಾ ಪಕ್ಕದಿಂದ ಕೈ ಹಾಕಿ ಎಫ್ 2 ಒತ್ತಿಬಿಟ್ಟರು.

"ಅದು ದಿನಾ ಬರತೈತಿ. ಎಫ್ ಟೂ ಒತ್ತಿದ್ರ ಹೊಂಟು ಹೋಗತೈತಿ, ಬಿಡಪ."

ಅಲ್ಲೇ ಇತ್ತು ಎಲ್ಲಾ. ಬಯಾಸ್ ಸೆಟ್ಟಿಂಗ್ ಮತ್ತು ಗಡಿಯಾರವನ್ನು ಕಾಯುವುದು ಮದರ್‌ಬೋರ್ಡ್ ಮೇಲಿನ ಸಿಆರ್ 2032 ಅನ್ನೋ ನಾಣ್ಯದಂಥ ಸೆಲ್. ಹೊಸದು ಮೂರು ವೋಲ್ಟ್ ಇರಬೇಕು, ಇಲ್ಲಿ ಮಲ್ಟಿಮೀಟರ್ ಎರಡು ವೋಲ್ಟನ್ನೂ ಮುಟ್ಟಲಿಲ್ಲ. ಮೇನ್ ಆನ್ ಇದ್ದಾಗ ಕಂಪ್ಯೂಟರಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ ಬರುವ ಸ್ಟ್ಯಾಂಡ್‌ಬೈ ಕರೆಂಟಿನಿಂದ ಹೇಗೋ ನಡೆಯುತ್ತದೆ, ಮೇನ್ ಇಳಿಸಿದರೆ ಎಲ್ಲಾ ಮರೆಯುತ್ತದೆ. ಎಫ್ 2 ಒತ್ತಿದಾಗ ಸಾಟಾ ಮೋಡ್ (ಹಾರ್ಡ್ ಡಿಸ್ಕಿನ ಜೊತೆ ಮಾತಾಡುವ ಬಗೆ) ಕೂಡ ಡೀಫಾಲ್ಟಿಗೆ, ಅಂದರೆ ಹಳೇ ಬಗೆಯ ಐಡಿಇಗೆ ಹೋಗುತ್ತಿತ್ತು. ವಿಂಡೋಸ್ ಇನ್‌ಸ್ಟಾಲ್ ಆಗಿದ್ದು ಹೊಸ ಬಗೆಯ ಎಎಚ್‌ಸಿಐನಲ್ಲಿ. ಮೋಡ್ ಬದಲಾದರೆ ವಿಂಡೋಸ್ 7ಕ್ಕೆ ತನ್ನ ಡಿಸ್ಕೇ ಸಿಗಲ್ಲ, 7ಬಿ ಅಂತ ಮುಗಿಯುವ ಕೋಡ್ ತೋರಿಸಿ ಬೀಳುತ್ತದೆ. ಲಿನಕ್ಸಿನ ಬಳಿ ಎರಡೂ ಡ್ರೈವರ್ ಸಿದ್ಧ ಇರುತ್ತವೆ, ಅದಕ್ಕೇ ಅದು ಏನೂ ಅನ್ನಲಿಲ್ಲ. ಪಕ್ಕದ ವಾಚ್ ಅಂಗಡಿಯಿಂದ ಸೆಲ್ ತಂದು ಹಾಕಿ, ಎಎಚ್‌ಸಿಐ ಮಾಡಿ, ತಾರೀಖು ಸರಿಮಾಡಿದೆ. ವಿಂಡೋಸ್ ಎದ್ದು ಕೂತಿತು.

ಆಮೇಲೆ ವಿಂಡೋಸ್ ತೆಗೆಯಲು ಕಾಕಾ ಒಪ್ಪಲಿಲ್ಲ. ಅವರ ಲಗ್ನಪತ್ರಿಕೆ ಎಲ್ಲಾ ಹಳೇ ನುಡಿ ಫಾಂಟಿನಲ್ಲಿವೆ, ಲಿನಕ್ಸಿನಲ್ಲಿ ತೆರೆದರೆ ಬರೀ ಗೀಚಿದ ಹಾಗೆ ಕಾಣುತ್ತವೆ. ನ್ಯಾಯವಾದ ಮಾತೇ. ಎರಡೂ ಇರಲಿ ಅಂದೆ. ಅಲ್ಲೂ ಒಂದು ಗಂಟು. ಎಂಬಿಆರ್ ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಷನ್, ಅಂದರೆ ಮುಖ್ಯ ಭಾಗಗಳು, ನಾಲ್ಕೇ. ವಿಂಡೋಸಿನ 100 ಎಂಬಿ ರಿಸರ್ವ್ಡ್, ಜೊತೆಗೆ ಸಿ, ಡಿ, ಇ ಸೇರಿ ನಾಲ್ಕೂ ಭರ್ತಿ. ಇ ಡ್ರೈವ್ ಖಾಲಿ ಮಾಡಿ, ಅಳಿಸಿ, ಅಲ್ಲಿ ಒಳಗೆ ಇನ್ನಷ್ಟು ಭಾಗ ಹಿಡಿಸುವ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿ ಅದರೊಳಗೆ ಮಿಂಟ್ ಹಾಕಿದೆ. ಸಿಸ್ಟಮ್ ಎಬ್ಬಿಸುವ ಬೂಟ್‌ಲೋಡರ್ ಎಲ್ಲಿ ಹಾಕಲಿ ಅಂತ ಮಿಂಟ್ ಕೇಳಿದಾಗ ಪಾರ್ಟಿಷನ್ ಅಲ್ಲ, ಇಡೀ ಡಿಸ್ಕನ್ನು ಆರಿಸಬೇಕು. ಪಟ್ಟಿಯಲ್ಲಿ ಪೆನ್‌ಡ್ರೈವೂ ಇರುತ್ತದೆ, 320 ಜಿಬಿ ಅನ್ನೋ ಸೈಜು ನೋಡಿಯೇ ಒತ್ತಿದೆ.

ಎರಡು ದಿನ ಬಿಟ್ಟು ಮತ್ತೆ ಫೋನ್. ವಿಂಡೋಸಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಗಡಿಯಾರ ಐದೂವರೆ ತೋರಿಸುತ್ತಿದೆಯಂತೆ, ಹೊಸ ಸೆಲ್ಲೂ ಹೋಯಿತಾ ಅಂತ ಗಾಬರಿ. ಸೆಲ್ ಅಲ್ಲ. ಲಿನಕ್ಸ್ ಬಯಾಸ್ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ, ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ. ಲಿನಕ್ಸೂ ನಮ್ಮ ಸಮಯವನ್ನೇ ಬರೆಯಲಿ ಅಂತ ಮಿಂಟಿನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಡಿಸಿದೆ, ಫೋನಿನಲ್ಲೇ ಒಂದೊಂದು ಅಕ್ಷರ ಹೇಳಿ. ಆ ಒಂದು ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು.

ಮೊನ್ನೆ ಅಂಗಡಿಗೆ ಹೋಗಿದ್ದೆ. ಕಾಕಾ ಪವರ್ ಬಟನ್ ಒತ್ತಿ, ಈಗಲೂ ಎಫ್ 2 ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು.