ಮೊದಲು ಎದುರಿನವರ ಮಾತು ಹೇಳು, ಆಮೇಲೆ ನಿನ್ನದು

ಧಾರವಾಡಕ್ಕೆ ಎಂ.ಎ. ತತ್ವಶಾಸ್ತ್ರ ಓದಲು ಬರುವ ಹುಡುಗರಿಗೆ ಸೆಮಿನಾರ್ ಅಂದರೆ ಗೊತ್ತಿರುವುದು ಒಂದೇ ಥರ. ಒಬ್ಬರು ಮುಂದೆ ನಿಂತು ಹಾಳೆ ನೋಡಿಕೊಂಡು ಓದುತ್ತಾರೆ. ಉಳಿದವರು ಕೇಳಿದ ಹಾಗೆ ಕೂರುತ್ತಾರೆ. ಕೊನೆಗೆ "ಯಾರಿಗಾದರೂ ಪ್ರಶ್ನೆ ಇದೆಯಾ?" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಚಪ್ಪಾಳೆ, ಚಹಾ, ಮುಗೀತು.

ನನ್ನ ತರಗತಿಯಲ್ಲಿ ಇದನ್ನು ನಿಜವಾದ ಚರ್ಚೆಯಾಗಿ ಮಾಡಲು ಹೊರಟಾಗ ಮೊದಲು ಕಡಿಮೆ ಮಾಡಿದ್ದು ಓದುವ ಪುಟಗಳನ್ನು. ಇಡೀ ಪುಸ್ತಕ ಕೊಟ್ಟರೆ ಯಾರೂ ಓದಿ ಬರುವುದಿಲ್ಲ. ಅದಕ್ಕೇ ವರ್ಷದ ಮೊದಲ ಸೆಮಿನಾರಿಗೆ ಅಮೆರಿಕದ ತತ್ವಶಾಸ್ತ್ರಜ್ಞ ಎಡ್ಮಂಡ್ ಗೆಟ್ಟಿಯರ್ 1963ರಲ್ಲಿ ಬರೆದ ಲೇಖನ ಕೊಡುತ್ತೇನೆ. ಬರೀ ಮೂರು ಪುಟ. ಝೆರಾಕ್ಸಿಗೆ ಒಂದು ಚಹಾದಷ್ಟೂ ಖರ್ಚಿಲ್ಲ. ಒಂದು ಸಂಗತಿಯನ್ನು ನಾವು ನಂಬಿದ್ದೇವೆ, ಅದು ನಿಜವೂ ಹೌದು, ನಂಬಲು ಒಳ್ಳೆಯ ಕಾರಣವೂ ಇದೆ. ಇಷ್ಟಿದ್ದರೆ ಅದು ನಮಗೆ ಗೊತ್ತು ಅನ್ನಬಹುದೇ? ಸಾಲದು ಅಂತ ಆತ ಎರಡು ಉದಾಹರಣೆಯಲ್ಲಿ ತೋರಿಸುತ್ತಾನೆ. ಗದಗ, ಹಾವೇರಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಬಂದವರಿಗೆ ಅದರ ಇಂಗ್ಲಿಷ್ ಬಿಗಿ ಅನಿಸುತ್ತದೆ. ಹಾಗಾಗಿ ಮೊದಲ ಪುಟವನ್ನು ಎಲ್ಲರೂ ಕೂತು ಕನ್ನಡದಲ್ಲೇ ಬಿಡಿಸಿಕೊಳ್ಳುತ್ತೇವೆ.

ಸೆಮಿನಾರಿನ ಹಿಂದಿನ ಸಂಜೆ ಪ್ರತಿಯೊಬ್ಬರೂ ಒಂದು ಚೀಟಿ ಕೊಡಬೇಕು. ಲೇಖಕ ಏನು ಹೇಳುತ್ತಾನೆ ಅಂತ ಎರಡು ವಾಕ್ಯ, ತಾವು ಎಲ್ಲಿ ಸಿಕ್ಕಿಕೊಂಡೆವು ಅಂತ ಒಂದು ವಾಕ್ಯ. ತರಗತಿಯಲ್ಲಿ ತುಟಿ ಬಿಚ್ಚದವರು ಚೀಟಿಯಲ್ಲಿ ಚೆನ್ನಾಗಿಯೇ ಬರೆದಿರುತ್ತಾರೆ. ಮರುದಿನ ಚರ್ಚೆ ಶುರುವಾಗುವುದು ಅಂಥ ಒಂದು ಚೀಟಿಯಿಂದಲೇ.

ಒಮ್ಮೆ ಹೀಗೆ ಶುರು ಮಾಡಿದವಳು ಹಾವೇರಿ ಕಡೆಯ ಹುಡುಗಿ. ಗೆಟ್ಟಿಯರ್ ಉದಾಹರಣೆ ಬಿಟ್ಟು ತನ್ನದೇ ಒಂದು ಕಟ್ಟಿಕೊಂಡು ಬಂದಿದ್ದಳು. "ಖಾನಾವಳಿ ಮುಂದ ದೋಸ್ತನ ಗಾಡಿ ನಿಂತಿರ್ತದರಿ. ಅಂವ ಒಳಗ ಅದಾನ ಅಂತ ನಾ ನಂಬ್ತೀನಿ. ಒಳಗ ಹೋದ್ರ ಖರೇನ ಇರ್ತಾನ. ಆದ್ರ ಗಾಡಿ ತಂದಾಂವ ಅವನ ತಮ್ಮ, ಬಾಜೂ ಅಂಗಡಿಗೆ ಬಂದಿರ್ತಾನ. ಇಂವ ಬಂದದ್ದು ಚಿಗರಿ ಬಸ್ಸಿನ್ಯಾಗ."

"ನಂಬಿದಿ, ಖರೆ ಆತು, ಕಾರಣಾನೂ ಇತ್ತು. ಇನ್ನೇನ್ ಬೇಕು ನಿನಗ?" ಅಂತ ಒಬ್ಬ ಕೇಳಿದ.

"ಆ ಕಾರಣಕ್ಕೂ ಅಂವ ಒಳಗಿರೂದಕ್ಕೂ ಸಂಬಂಧನ ಇಲ್ಲಲ್ಲೋ!"

ಹಾಗಾದರೆ ನಂಬಿಕೆಯ ಬುಡದಲ್ಲಿ ಒಂದೂ ಸುಳ್ಳು ಇರಬಾರದು ಅಂತ ಒಂದು ಷರತ್ತು ಸೇರಿಸೋಣ ಅಂದ ಮೂರನೆಯವ. ಗೆಟ್ಟಿಯರ್ ನಂತರ ತತ್ವಶಾಸ್ತ್ರಜ್ಞರು ಮೊದಮೊದಲು ಹಿಡಿದ ದಾರಿಗಳಲ್ಲಿ ಅದೂ ಒಂದು. ಅವನಿಗೆ ಆಗ ಅದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಹೇಳಿದ್ದರೆ ಎಲ್ಲರೂ ಪೆನ್ನು ಎತ್ತಿಕೊಂಡು ನೋಟ್ಸ್ ಬರೆಯಲು ಕೂರುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಮಾತಿನ ಸರದಿಗೆ ಎರಡು ಗುರುತು ಇಟ್ಟುಕೊಂಡಿದ್ದೇವೆ. ತತ್ವಶಾಸ್ತ್ರದ ಸೆಮಿನಾರುಗಳಲ್ಲಿ ಹಲವು ಕಡೆ ಇರುವ ಪದ್ಧತಿಯೇ. ಪೂರ್ತಿ ಕೈ ಎತ್ತಿದರೆ ಹೊಸ ಪ್ರಶ್ನೆ, ಪಾಳಿ ಬರುವವರೆಗೆ ಕಾಯಬೇಕು. ಒಂದೇ ಬೆರಳು ಎತ್ತಿದರೆ ಈಗ ನಡೆದಿರುವ ಮಾತಿನ ಮೇಲೇ ಏನೋ ಹೇಳುವುದಿದೆ ಅಂತ, ಅವರಿಗೆ ಮೊದಲು ಅವಕಾಶ. ಬೆರಳು ತೋರಿಸಿ ಹೊಸ ವಿಷಯ ತೆಗೆಯುವ ಜಾಣರೂ ಇದ್ದಾರೆ ಬಿಡಿ. ತುಂಬಾ ಮಾತಾಡುವವರಿಗೆ ಚರ್ಚೆ ಬರೆದುಕೊಳ್ಳುವ ಕೆಲಸ ಕೊಟ್ಟುಬಿಡುತ್ತೇನೆ. ಬೈಯುವುದಕ್ಕಿಂತ ಅದೇ ವಾಸಿ.

ಎಲ್ಲಕ್ಕಿಂತ ಕಷ್ಟವಾಗುವುದು ಇನ್ನೊಂದು ನಿಯಮ. ಆಕ್ಷೇಪ ಎತ್ತುವ ಮೊದಲು ಎದುರಿನವರ ವಾದವನ್ನು ಅವರೇ "ಹೌದು, ನಾನು ಹೇಳಿದ್ದು ಇದೇ" ಅನ್ನುವ ಹಾಗೆ ಹೇಳಬೇಕು. ಇದೇನೂ ಹೊರಗಿನಿಂದ ತಂದದ್ದಲ್ಲ. ಪೂರ್ವಪಕ್ಷ, ಅಂದರೆ ಎದುರಿನವರ ವಾದ, ಹೇಳದೆ ಸಿದ್ಧಾಂತಕ್ಕೆ, ಅಂದರೆ ತನ್ನ ನಿಲುವಿಗೆ, ಹೋಗಬಾರದು ಅನ್ನುವುದು ನಮ್ಮ ಶಾಸ್ತ್ರಗಳ ಹಳೆಯ ರೂಢಿ. ತರ್ಕಕ್ಕೆ ಹೆಸರಾದ ನ್ಯಾಯದರ್ಶನವಂತೂ ಮಾತುಕತೆಯನ್ನೇ ಮೂರು ಬಗೆ ಮಾಡುತ್ತದೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ. ತನ್ನದೊಂದು ಪಕ್ಷ ಇಡದೆ ಬೇರೆಯವರದ್ದನ್ನು ಬರೀ ಕೆಡವುವುದು ವಿತಂಡ. ಇದನ್ನು ಒಮ್ಮೆ ಪಾಠ ಮಾಡಿದರೆ ಸಾಕು, ಆಮೇಲೆ ಹುಡುಗರೇ ಕಾವಲು ಕಾಯುತ್ತಾರೆ. "ಏ, ಇದು ಜಲ್ಪ ಆತು" ಅಂತ ಮೂಲೆಯಿಂದ ದನಿ ಬರುತ್ತದೆ.

ಒಮ್ಮೊಮ್ಮೆ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಆ ಹೊತ್ತು ಕಳೆಯುವುದೇ ನನಗೆ ಕಷ್ಟ. ಮಾಸ್ತರಿಗೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ ಅಲ್ವಾ? ಆದರೂ ತಡೆದುಕೊಳ್ಳುತ್ತೇನೆ. ತೀರಾ ಜಾಸ್ತಿ ಹೊತ್ತಾದರೆ ಇನ್ನೊಂದು ಚೀಟಿ ತೆಗೆಯುತ್ತೇನೆ.

ಅಂಕಗಳ ವಿಷಯದಲ್ಲಿ ಮಾತ್ರ ತಕರಾರು ತಪ್ಪಿದ್ದಲ್ಲ. ಆ ದಿನ ವಾದ ಮಂಡಿಸಿದವರು ಮರುದಿನ ಅರ್ಧ ಪುಟ ಬರೆದು ತರಬೇಕು: ಯಾವ ಆಕ್ಷೇಪಕ್ಕೆ ತನ್ನಿಂದ ಉತ್ತರ ಕೊಡಲು ಆಗಲಿಲ್ಲ, ಯಾಕೆ. ಅಂಕ ಜಾಸ್ತಿ ಸಿಗುವುದು ಅದಕ್ಕೇ. ಚೆನ್ನಾಗಿ ಮಾತಾಡಿದವರು "ನಾ ಎಲ್ಲಾದಕ್ಕೂ ಉತ್ತರ ಕೊಟ್ಟೀನಲ್ರಿ ಸರ್" ಅಂತ ವಾದಕ್ಕೆ ಬರುತ್ತಾರೆ. ಅಂಥವರ ಮುಂದೆ ಆ ದಿನದ ಚರ್ಚೆ ಬರೆದ ಹಾಳೆ ಇಡುತ್ತೇನೆ. ಅವರು ಅದನ್ನು ಓದುವವರೆಗೆ ಅಂಕದ ಮಾತು ಎತ್ತುವುದಿಲ್ಲ.