ಕರೆಂಟ್ ಕಾರು ಕೊಳ್ಳುವ ಮೊದಲು ಮನೆಯ ಅರ್ಥಿಂಗ್ ನೋಡಿ

ಕಳೆದ ಬೇಸಿಗೆಯಲ್ಲಿ ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ರಾತ್ರಿ ಊಟ ಮುಗಿಸಿ, ಕಾರಿನ ಜೊತೆ ಬಂದ ಚಾರ್ಜರನ್ನು ಪಡಸಾಲೆಯ ಪ್ಲಗ್ಗಿಗೆ ಹಾಕಿದೆ. ಹಸಿರು ದೀಪ ಬರಬೇಕಿತ್ತು, ಕೆಂಪು ಬಂತು. ಕಿತ್ತು ಮತ್ತೆ ಹಾಕಿದೆ. ಮತ್ತೆ ಕೆಂಪು. ಫ್ಯಾನ್ ತಿರುಗುತ್ತಿದೆ, ಟಿವಿ ನಡೆಯುತ್ತಿದೆ, ಕಾರಿಗೆ ಮಾತ್ರ ಕರೆಂಟ್ ಹತ್ತುತ್ತಿಲ್ಲ. "ಅದಕ್ಕೇ ಪೆಟ್ರೋಲ್ ಗಾಡಿ ತಗೋ ಅಂದಿದ್ದೆ ನಾನು" ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಮಾತಾಡಲಿಲ್ಲ. ಮನೆಯ ಹಿಂದೆ ಹೋಗಿ, ಗೋಡೆ ಪಕ್ಕದ ಅರ್ಥಿಂಗ್ ಗುಂಡಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ ಹೂತ ಗುಂಡಿಗೆ, ಎರಡು ಕೊಡ ನೀರು ಸುರಿದು ಬಂದರು. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಿತ್ತು, ನೀರು ಬುಳುಬುಳು ಎಂದು ಇಳಿದುಹೋಯಿತು. ಕಾಲು ಗಂಟೆ ಬಿಟ್ಟು ಹಾಕಿದೆ. ಹಸಿರು!

ನಾನು ಕರೆಂಟ್ ಕಾರು ಓಡಿಸುತ್ತೇನೆ ಎಂದು ಗೊತ್ತಾದವರು ಮೊದಲು ಕೇಳುವುದು ರಸ್ತೆಯ ಮಾತನ್ನೇ. "ಎಷ್ಟು ಕೊಡ್ತೈತಣ್ಣ? ನಡುದಾರಿಯಾಗ ನಿಂತ್ರೆ ಏನು ಮಾಡ್ತಿ?" ತಪ್ಪೇನಿಲ್ಲ, ಕೇಳಬೇಕಾದ್ದೇ. ಆದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ದಿನದ ಓಡಾಟಕ್ಕೆ ಕಾರು ಇಟ್ಟುಕೊಳ್ಳುವವರಿಗೆ ತೊಂದರೆ ಶುರುವಾಗುವುದು ರಸ್ತೆಗಿಂತ ಮೊದಲು ಮನೆಯ ಗೋಡೆಯಲ್ಲಿ. ಅದಕ್ಕೇ ನನ್ನ ಸಲಹೆ: ಮೊದಲು ಮನೆ ಸರಿ ಮಾಡಿ, ಆಮೇಲೆ ಶೋರೂಮಿಗೆ ಹೋಗಿ.

ಹದಿನೈದು ದಿನ ಬರೆದಿಡಿ

ಈಗಿರುವ ಕಾರೋ ಬೈಕೋ, ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೀರಿ? ನೆನಪಿನಿಂದ ಹೇಳಬೇಡಿ, ಮೀಟರ್ ನೋಡಿ ಬರೆಯಿರಿ. ತಿಂಗಳಲ್ಲಿ ಎಷ್ಟು ಸಲ ದೂರದ ಊರಿಗೆ ಹೋಗುತ್ತೀರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಒಂದು ಲೆಕ್ಕ ಹಾಕೋಣ. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಕೆಲಸಕ್ಕೆ ಹೋಗಿಬರುವವರು ಬಹಳ ಮಂದಿ ಇದ್ದಾರೆ. ಹೋಗಿಬರಲು ಸುಮಾರು 60 ಕಿ.ಮೀ. ತಿಂಗಳಿಗೆ 26 ದಿನ ಅಂದರೆ 1,560 ಕಿ.ಮೀ. ಸಣ್ಣ ಕರೆಂಟ್ ಕಾರು ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ. ಚಾರ್ಜ್ ಆಗುವಾಗ ಸೋರುವ ಕರೆಂಟ್ ಸೇರಿಸಿದರೆ ತಿಂಗಳಿಗೆ ಹತ್ತಿರಹತ್ತಿರ 245 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 1,470 ರೂಪಾಯಿ. ಅದೇ ದಾರಿಗೆ ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 104 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಎಂದರೂ 10,400. ಇಂಥವರು ಈ ಲೇಖನವನ್ನು ಕೊನೆಯವರೆಗೂ ಓದಿ.

ದಿನಕ್ಕೆ ಹತ್ತು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಉಳಿತಾಯ ತುಂಬಾ ಕಡಿಮೆ. ವಾರಕ್ಕೆರಡು ಸಲ ಬೆಂಗಳೂರಿಗೆ ಓಡುವವರಿಗೆ ನಾನು ಈಗಲೇ ತಗೊಳ್ಳಿ ಎಂದು ಹೇಳುವುದಿಲ್ಲ.

ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ?

ಸ್ವಂತ ಕಾಂಪೌಂಡ್ ಇದ್ದರೆ ಈ ಹಂತ ಮುಗಿಯಿತು. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮೊದಲೇ ಮಾತಾಡಿ. ಒಂದು ಸಬ್ ಮೀಟರ್ ಹಾಕಿಸಿ, ಅದರಲ್ಲಿ ಬಂದಷ್ಟು ಯೂನಿಟ್ಟಿಗೆ ದುಡ್ಡು ಕೊಡುತ್ತೇನೆ ಎಂದರೆ ಒಪ್ಪುವವರೇ ಜಾಸ್ತಿ. ಕಾರು ಬೀದಿಯಲ್ಲೇ ನಿಲ್ಲಬೇಕು, ಮೂರನೇ ಮಹಡಿಯಿಂದ ವೈರ್ ಇಳಿಬಿಡಬೇಕು ಎನ್ನುವಂತಿದ್ದರೆ ದಯವಿಟ್ಟು ಬೇಡ. ದಿನಾ ಹೊರಗಡೆ ಫಾಸ್ಟ್ ಚಾರ್ಜರ್ ನಂಬಿಕೊಂಡರೆ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು ಬೀಳುತ್ತದೆ. ಉಳಿತಾಯದ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಲ್ಲೇ ಕರಗುತ್ತದೆ.

ಕರೆಂಟ್ ಬಿಲ್ ಕೈಗೆ ತಗೊಳ್ಳಿ

ಬಿಲ್ಲಿನಲ್ಲಿ ಆರ್.ಆರ್. ನಂಬರ್ ಹತ್ತಿರ ಮಂಜೂರಾದ ಲೋಡ್ ಎಷ್ಟು ಎಂದು ಇರುತ್ತದೆ. ಹಳೆಯ ಮನೆಗಳಲ್ಲಿ 1 ಅಥವಾ 2 ಕಿಲೋವ್ಯಾಟ್ ಇರುವುದೇ ಹೆಚ್ಚು. ಕಾರಿನ ಚಾರ್ಜರ್ ಒಂದೇ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಎಸಿ, ಗೀಸರ್ ಸೇರಿದರೆ ಮೀಟರ್ ತಡೆಯುವುದಿಲ್ಲ. ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. 5 ಕಿಲೋವ್ಯಾಟ್ ಇದ್ದರೆ ನಿಶ್ಚಿಂತೆ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರುವುದರಿಂದ ತಿಂಗಳ ಬಿಲ್ ಸ್ವಲ್ಪ ಏರುತ್ತದೆ, ಅದು ತಿಳಿದಿರಲಿ.

ಇಲ್ಲೇ ಬಹಳ ಜನ ಮರೆಯುವ ಇನ್ನೊಂದು ಲೆಕ್ಕ ಇದೆ: ಗೃಹಜ್ಯೋತಿ. ತಿಂಗಳಿಗೆ 90 ಯೂನಿಟ್ ಸುಡುವ ಮನೆಗೆ ಈಗ ಸೊನ್ನೆ ಬಿಲ್ ಬರುತ್ತಿರುತ್ತದೆ. ಕಾರಿನ 245 ಯೂನಿಟ್ ಸೇರಿದರೆ 335 ಆಯಿತು. 200 ದಾಟಿದ ತಿಂಗಳು ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಕಾರಿನ ಖರ್ಚು 1,470 ಎಂದುಕೊಂಡಿದ್ದು 2,000 ದಾಟುತ್ತದೆ. ಪೆಟ್ರೋಲಿನ ಮುಂದೆ ಇದೂ ಕಡಿಮೆಯೇ. ಆದರೂ ಮೊದಲ ಬಿಲ್ ನೋಡಿದ ದಿನ ಮನೆಯಲ್ಲಿ ಜಗಳ ಆಗಬಾರದಲ್ವಾ? ಮುಂಚೆಯೇ ಹೇಳಿಬಿಡಿ.

ಕಾರಿಗೆಂದೇ ಬೇರೆ ಮೀಟರ್ ಕೇಳುವ ಹಕ್ಕೂ ನಿಮಗಿದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿ ತಂದು, ಬಯಸಿದವರಿಗೆ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೊಡಬೇಕು ಎಂದು ಕೇಂದ್ರ ಸರ್ಕಾರ ಸೇರಿಸಿದೆ. ಆಗ ಮನೆಯ ಲೆಕ್ಕ ಬೇರೆ, ಕಾರಿನ ಲೆಕ್ಕ ಬೇರೆ. ಡಿಪಾಸಿಟ್ ಎಷ್ಟು, ತಿಂಗಳ ಶುಲ್ಕ ಎಷ್ಟು ಎಂದು ಕೇಳಿಕೊಂಡು, ಯಾವುದು ಲಾಭ ನೋಡಿ.

ಮನೆ ಮೇಲೆ ಜಾಗ ಇದ್ದರೆ ಸೋಲಾರ್ ಬಗ್ಗೆಯೂ ಯೋಚಿಸಿ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ನಮ್ಮ ಬಿಸಿಲಿಗೆ 3 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 10ರಿಂದ 12 ಯೂನಿಟ್ ಕೊಡುತ್ತದೆ. ತೋರಣಗಲ್ಲಿಗೆ ಹೋಗಿಬರಲು ಬೇಕಾದದ್ದೂ ಅಷ್ಟೇ. ಬಿಸಿಲಿಗೆ ಬೈಯುತ್ತಲೇ ಬಂದಿದ್ದೇವೆ, ಇಲ್ಲಾದರೂ ಅದು ನಮ್ಮ ಕೆಲಸಕ್ಕೆ ಬರಲಿ.

ಅರ್ಥಿಂಗ್: ಇಲ್ಲಿ ಅವಸರ ಬೇಡ

ಸಿರುಗುಪ್ಪದ ಕಥೆ ಎರಡು ಕೊಡ ನೀರಿಗೆ ಮುಗಿಯಲಿಲ್ಲ. ಮರುದಿನ ಎಲೆಕ್ಟ್ರಿಷಿಯನ್ ಬಂದು ಗುಂಡಿ ಕೆದಕಿದರು. ಬೋರ್ಡಿನಿಂದ ಬಂದ ತಂತಿ ಪೈಪಿಗೆ ಸೇರುವ ಕಡೆ ನಟ್ಟು ತುಕ್ಕು ಹಿಡಿದು ಪುಡಿಯಾಗಿತ್ತು. ತಂತಿ ಬೆರಳಲ್ಲಿ ಹಿಡಿದರೆ ಮುರಿಯುವಂತಿತ್ತು. ಮನೆ ಕಟ್ಟಿದಾಗ ಹಾಕಿದ್ದು, ಆಮೇಲೆ ಯಾರೂ ನೋಡಿಲ್ಲ. ಅಷ್ಟು ವರ್ಷ ಆ ಮನೆಯಲ್ಲಿ ಮಿಕ್ಸರ್, ಫ್ರಿಜ್, ನೀರಿನ ಮೋಟರ್ ಎಲ್ಲ ಹಾಗೇ ನಡೆದಿವೆ. ಕಾರಿನ ಚಾರ್ಜರ್ ಮಾತ್ರ ಹಟ ಹಿಡಿಯಿತು. ಅದು ಒಳ್ಳೆಯದೇ ಮಾಡಿತು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕಾರಿನ ಲೋಹದ ಮೈಗೆ ಕರೆಂಟ್ ಸೋರಿದರೆ, ಮುಟ್ಟಿದವರಿಗೆ ಹೊಡೆಯುತ್ತದೆ. ಹಾಗಾಗಬಾರದೆಂದೇ ಅದು ಕೆಂಪು ದೀಪ ಹಚ್ಚಿ ನಿಂತುಬಿಡುತ್ತದೆ. ಇದನ್ನು ಕಾರಿನ ದೋಷ ಎಂದು ಶೋರೂಮಿಗೆ ಫೋನ್ ಮಾಡುವವರನ್ನು ನೋಡಿದ್ದೇನೆ.

ಮಾಡಿಸುವುದು ಹೀಗೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ತೋರಿಸುತ್ತದೆ ಎಂದು ಮಲ್ಟಿಮೀಟರ್‌ನಲ್ಲಿ ನೋಡಲು ಹೇಳಿ. ಎರಡು ಮೂರು ವೋಲ್ಟ್ ಇದ್ದರೆ ಸರಿ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಎಲ್ಲೋ ಲೋಪ ಇದೆ. ಅರ್ಥ್ ಅಳೆಯುವ ಮೀಟರ್ ಅವರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು, 5 ಓಮ್‌ಗಿಂತ ಕೆಳಗೆ ಬರಬೇಕು. ಬಲ್ಬ್ ಹಚ್ಚಿ ನೋಡಿ "ಉರೀತದ, ಆಯ್ತು ಬಿಡ್ರಿ" ಎಂದರೆ ಒಪ್ಪಬೇಡಿ. ಅರ್ಥಿಂಗ್ ಅರ್ಧಂಬರ್ಧ ಇದ್ದರೂ ಬಲ್ಬ್ ಉರಿಯುತ್ತದೆ.

ಹೊಸದಾಗಿ ಹಾಕಿಸುವುದಾದರೆ ಉಪ್ಪು, ಇದ್ದಿಲು ತುಂಬಿದ ಗುಂಡಿಯ ಹಳೆಯ ಪದ್ಧತಿಯೂ ನಡೆಯುತ್ತದೆ. ಆದರೆ ಫೆಬ್ರವರಿಯಿಂದ ಮಳೆಗಾಲದವರೆಗೆ ಅದಕ್ಕೆ ನೀರು ಹಾಕುತ್ತಲೇ ಇರಬೇಕು. ಮರೆಯುವ ಮನೆಯವರು, ತೇವ ಹಿಡಿದಿಡುವ ಪುಡಿ ತುಂಬುವ ಕೆಮಿಕಲ್ ಅರ್ಥಿಂಗ್ ಮಾಡಿಸುವುದು ವಾಸಿ.

ಕಾರಿಗೆ ಬೇರೆಯದೇ ಲೈನ್ ಎಳೆಸಿ. ಮೇನ್ ಬೋರ್ಡಿನಿಂದ ನೇರ 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್), ಒಳ್ಳೆಯ ಕಂಪನಿಯ 16 ಆಂಪಿಯರ್ ಸಾಕೆಟ್. ಗೋಡೆಗೆ ಹಾಕುವ 7 ಕಿಲೋವ್ಯಾಟ್ ಚಾರ್ಜರ್ ಬೇಕೆಂದರೆ 6 ಚದರ ಮಿ.ಮೀ. ವೈರ್ ಬೇಕು, ಎಂಸಿಬಿ, ಆರ್‌ಸಿಸಿಬಿಯೂ ಅದಕ್ಕೆ ತಕ್ಕ ದೊಡ್ಡವು ಬೇಕು. ಸುಮ್ನೆ ಎಲ್ಲರಿಗೂ ಅದು ಬೇಕಿಲ್ಲ. ಸಾಧಾರಣ ಸಾಕೆಟ್ಟಿನಲ್ಲೇ ಒಂದು ಗಂಟೆಗೆ 18ರಿಂದ 20 ಕಿ.ಮೀ. ಓಡುವಷ್ಟು ಚಾರ್ಜ್ ಆಗುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಯಾವ ಕಾರಣಕ್ಕೂ ಬೇಡ.

ಹಳ್ಳಿಯಲ್ಲಿರುವವರು ವೋಲ್ಟೇಜನ್ನೂ ನೋಡಿ. ಪಂಪ್‌ಸೆಟ್ ಓಡುವ ಹೊತ್ತಿಗೆ ಕೆಲವು ಕಡೆ ವೋಲ್ಟೇಜ್ ಕುಸಿಯುತ್ತದೆ, ಚಾರ್ಜರ್ ನಿಂತುಹೋಗುತ್ತದೆ. ವಾರವಿಡೀ ಯಾವ ಹೊತ್ತಿಗೆ ಎಷ್ಟಿದೆ ಎಂದು ಗಮನಿಸಿದರೆ ಯಾವಾಗ ಚಾರ್ಜ್ ಹಾಕಬೇಕೆಂದು ತಿಳಿಯುತ್ತದೆ.

ಈಗ ಶೋರೂಮಿಗೆ

ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಸಾಧ್ಯವಾದರೆ ಏಪ್ರಿಲ್‌ನಲ್ಲಿ. ಎಸಿ ಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು ನೀವು ದಿನಾ ಹೋಗುವ ರಸ್ತೆಯಲ್ಲೇ ಓಡಿಸಿ ನೋಡಿ. ಕಂಪನಿ ಹೇಳುವ ಕಿಲೋಮೀಟರ್ ಪ್ರಯೋಗಾಲಯದ್ದು. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಗೆ 312 ಕಿ.ಮೀ. ಎಂದು ಸರ್ಟಿಫಿಕೇಟ್ ಇತ್ತು, ರಸ್ತೆಯ ಮೇಲೆ 200ರ ಆಸುಪಾಸು ಸಿಗುತ್ತಿತ್ತು. ಹೇಳಿದ್ದರಲ್ಲಿ ಮೂರನೇ ಎರಡು ಪಾಲು ಎಂದು ಹಿಡಿಯಿರಿ. ಆ ಲೆಕ್ಕದಲ್ಲೂ ನಿಮ್ಮ ಓಡಾಟ ಆರಾಮವಾಗಿ ಮುಗಿಯುವ ಕಾರನ್ನೇ ಆರಿಸಿ.

ಬ್ಯಾಟರಿ ಯಾವ ಬಗೆಯದು ಎಂದು ಕೇಳಿ. ಎಲ್‌ಎಫ್‌ಪಿ ಎನ್ನುವ ಬಗೆ ಬಿಸಿ ತಡೆಯುವುದರಲ್ಲಿ ವಾಸಿ. ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಬ್ಯಾಟರಿಯನ್ನು ತಂಪಾಗಿಡಲು ನೀರಿನಂಥ ದ್ರವ ಹರಿಯುವ ವ್ಯವಸ್ಥೆ ಇದೆಯೇ ಎಂದೂ ಕೇಳಿ. ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. "ಬ್ಯಾಟರಿ ಹೋದ್ರೆ ಕಾರೇ ಹೋದಂಗೆ" ಎಂದು ಹೆದರಿಸುವವರಿಗೆ ಈ ಕಾಗದ ತೋರಿಸಿ. ಆದರೆ ನೀವೂ ಒಮ್ಮೆ ಪೂರ್ತಿ ಓದಿ, ಷರತ್ತುಗಳು ಅದರೊಳಗೇ ಇರುತ್ತವೆ.

ಮಳೆಯಲ್ಲಿ ಶಾಕ್ ಹೊಡೆಯುತ್ತದೆ ಎಂಬ ಭಯ ನಮ್ಮ ಅಪ್ಪನಿಗೂ ಇತ್ತು. ಬ್ಯಾಟರಿ ಪೆಟ್ಟಿಗೆಗೆ ಐಪಿ67 ದರ್ಜೆ ಇದ್ದರೆ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದಂತೆ ಪರೀಕ್ಷೆ ಮಾಡಿರುತ್ತಾರೆ. ಹಾಗೆಂದು ಹಳ್ಳ ದಾಟಿಸಬೇಡಿ. ಮನೆಯ ಸಾಕೆಟ್ ಮಾತ್ರ ಮಳೆಗೆ ನೆನೆಯದ ಜಾಗದಲ್ಲಿರಲಿ.

ಬೇಸಿಗೆಯಲ್ಲಿ ಎರಡು ಮಾತು ನೆನಪಿಡಿ. ದೂರದಿಂದ ಬಂದ ಕೂಡಲೇ ಪ್ಲಗ್ ಹಾಕಬೇಡಿ, ಗಾಡಿ ಆರಲಿ. ಪೂರ್ತಿ ನೂರು ಮಾಡಿ ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಡಿ. ಬೇವಿನ ಮರದ ನೆರಳು ಸಿಕ್ಕರೆ ಬಿಡಬೇಡಿ.

ದೂರದ ಊರಿಗೆ ಹೊರಡುವಾಗ

ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 310 ಕಿ.ಮೀ., ರಾಯಚೂರಿನಿಂದ ಹೈದರಾಬಾದಿಗೆ 200ರ ಆಸುಪಾಸು. ಸಣ್ಣ ಬ್ಯಾಟರಿಯ ಕಾರು ನಡುವೆ ಒಂದೆರಡು ಸಲ ನಿಲ್ಲಲೇಬೇಕು. ಬೆಸ್ಕಾಂನ ಇವಿ ಮಿತ್ರ, ಪ್ಲಗ್‌ಶೇರ್, ಕಾರಿನ ಕಂಪನಿಯ ಆ್ಯಪ್, ಮೂರನ್ನೂ ಹಿಂದಿನ ದಿನವೇ ಹಾಕಿಕೊಂಡು ವಾಲೆಟ್ ಇರುವವುಗಳಲ್ಲಿ ದುಡ್ಡು ತುಂಬಿಡಿ. ಬಂಕ್ ಮುಂದೆ ನಿಂತು ಒಟಿಪಿಗೆ ಕಾಯುವ ಪಾಡು ಬೇಡ.

ಮ್ಯಾಪಿನಲ್ಲಿ ಹಸಿರು ಚುಕ್ಕೆ ಇದೆ ಎಂದು ನಂಬಿ ಹೋಗಬೇಡಿ. ಹೆದ್ದಾರಿಯ ಒಂದು ಬಂಕಿಗೆ 14 ಪರ್ಸೆಂಟ್ ಇಟ್ಟುಕೊಂಡು ಹೋದೆ. ಚಾರ್ಜರ್ ಇತ್ತು, ಕಾರಿಗೆ ಸಿಕ್ಕಿಸುವ ಗನ್ ಇತ್ತು, ಸ್ಕ್ರೀನ್ ಕಪ್ಪಾಗಿತ್ತು. "ಎಂಟು ದಿನ ಆತು ಸರ್, ಮೆಕ್ಯಾನಿಕ್ ಬಂದಿಲ್ಲ" ಎಂದ ಹುಡುಗ. ಪಕ್ಕದ ಡಾಬಾದವರು ತಮ್ಮ ಪ್ಲಗ್ ಕೊಟ್ಟರು, ಎರಡೂವರೆ ಗಂಟೆ ಕೂತೆವು. ಅಂದಿನಿಂದ ನಾನು ಹೊರಡುವ ಮೊದಲು ಬಂಕಿಗೆ ಫೋನ್ ಮಾಡಿ, "ಇವತ್ತು ಯಾರಾದರೂ ಚಾರ್ಜ್ ಮಾಡಿದರಾ?" ಎಂದೇ ಕೇಳುತ್ತೇನೆ. ಚಾರ್ಜರ್ ಇದೆಯಾ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ.

ಚಾರ್ಜ್ 30 ಪರ್ಸೆಂಟಿಗೆ ಬಂದಾಗಲೇ ನಿಲ್ಲುವ ಜಾಗ ಗೊತ್ತಿರಲಿ, ಅದು ಕೆಟ್ಟಿದ್ದರೆ ಮುಂದಿನದು ಯಾವುದು ಎಂದೂ ಗೊತ್ತಿರಲಿ. 80 ಆದ ಮೇಲೆ ಚಾರ್ಜ್ ನಿಧಾನವಾಗುತ್ತದೆ, ಆಗ ಗನ್ ತೆಗೆದು ಹಿಂದಿನವರಿಗೆ ಬಿಡಿ. ವೇಗ 100ರ ಬದಲು 80ರಲ್ಲಿ ಇಟ್ಟರೆ ಅದೇ ಚಾರ್ಜಿನಲ್ಲಿ ಎಷ್ಟೋ ದೂರ ಹೆಚ್ಚು ಹೋಗಬಹುದು.

ಮೊದಲ ರಾತ್ರಿ

ಕಾರು ಮನೆಗೆ ಬಂತು, ಪೂಜೆ ಆಯಿತು, ಪ್ಲಗ್ ಹಾಕಿದಿರಿ, ಹಸಿರು ದೀಪ ಬಂತು. ಕೂಡಲೇ ಮಲಗಬೇಡಿ. ಒಂದು ಗಂಟೆ ಬಿಟ್ಟು ಹೋಗಿ, ಪ್ಲಗ್ಗಿನ ಹಿಂಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಸುಟ್ಟ ವಾಸನೆ ಬಂದರೆ, ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಎಂಸಿಬಿ ಇಳಿಸಿ, ಬೆಳಗ್ಗೆ ಎಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್ಟಿನೊಳಗೆ ಎಲ್ಲೋ ಸ್ಕ್ರೂ ಸಡಿಲ ಇರುತ್ತದೆ. ಮೊದಲ ವಾರ ದಿನಾ, ಆಮೇಲೆ ತಿಂಗಳಿಗೊಮ್ಮೆ ಹೀಗೆ ಮುಟ್ಟಿ ನೋಡುತ್ತಿರಿ. ಬೇಸಿಗೆಯಾದರೆ ಹಾಗೇ ಮನೆಯ ಹಿಂದೆ ಹೋಗಿ ಆ ಗುಂಡಿಗೆ ಎರಡು ಕೊಡ ನೀರು ಹಾಕಿ ಬನ್ನಿ.